ಸಹಾಯ ಬೇಕು: ಲೂಪಸ್ ಕೆರಳುವ ಮೊದಲೇ ಗೊತ್ತಾಗುವ ಟೆಸ್ಟ್ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನನ್ನ ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ತನ್ನದೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ) ಇದೆ. ಅದಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಪ್ಪದೆ ತಗೊಳ್ತಾಳೆ. ಆದರೂ ಕಾಫಿ ಕೊಯ್ಲಿನ ಬಿಸಿಲಿಗೆ ನಿಂತರೆ ಸಾಕು, ಕೆನ್ನೆ ಕೆಂಪಾಗುತ್ತದೆ, ಬೆಳಿಗ್ಗೆ ಕುಕ್ಕರ್ ಮುಚ್ಚಳ ತೆಗೆಯಲೂ ಬೆರಳು ಮಡಚುವುದಿಲ್ಲ.

ಡಾಕ್ಟರ್ ರಕ್ತದಲ್ಲಿ ಸಿ3, ಸಿ4 (ರೋಗನಿರೋಧಕ ವ್ಯವಸ್ಥೆಯ ಪ್ರೋಟೀನ್‌ಗಳು), ಆಂಟಿ ಡಿಎಸ್‌ಡಿಎನ್‌ಎ (ನಮ್ಮದೇ ಡಿಎನ್‌ಎ ವಿರುದ್ಧದ ಆಂಟಿಬಾಡಿ), ಮೂತ್ರದ ಪ್ರೋಟೀನ್ ನೋಡುತ್ತಾರೆ. ಸಿ3, ಸಿ4 ಇಳಿದು ಆಂಟಿಬಾಡಿ ಏರಿದರೆ ಎಚ್ಚರ. ಆದರೆ ಕೆಲವರಲ್ಲಿ ಅವು ಏರುಪೇರಾದರೂ ಏನೂ ಆಗುವುದಿಲ್ಲವಂತೆ. ಅದೇ ತಲೆನೋವು!

ಕಾಯಿಲೆ ಜೋರಾದಾಗ ರಕ್ತದಲ್ಲಿ ಪ್ಲಾಸ್ಮಾಬ್ಲಾಸ್ಟ್ ಅನ್ನುವ, ಆಂಟಿಬಾಡಿ ತಯಾರಿಸುವ ಕಣಗಳು ಜಾಸ್ತಿಯಾಗುತ್ತವೆ. ಬಹಳಷ್ಟು ರೋಗಿಗಳ ಬಿಳಿ ರಕ್ತಕಣಗಳಲ್ಲಿ, ವೈರಸ್ ವಿರುದ್ಧ ದೇಹ ಬಿಡುವ ಪ್ರೋಟೀನ್ ಆದ ಇಂಟರ್‌ಫೆರಾನ್‌ನ ಗುರುತೂ ಕಾಣುತ್ತದೆ. ಇಂಥ ಕಣಗಳ ಲೆಕ್ಕ ನೋಡಿ ಅಪಾಯ ಮೊದಲೇ ಹೇಳಬಹುದಾ ಅಂತ ಸಂಶೋಧನೆ ನಡೆಯುತ್ತಿದೆ.

ಮೈಸೂರು, ಮಂಗಳೂರಿನಲ್ಲಿ ಯಾರಾದರೂ ಲೂಪಸ್‌ಗೆ ಫ್ಲೋ ಸೈಟೋಮೆಟ್ರಿ (ಇಂಥ ಕಣಗಳನ್ನು ಬಗೆ ಬಗೆಯಾಗಿ ಎಣಿಸುವ ಟೆಸ್ಟ್) ಮಾಡಿಸಿದ್ದೀರಾ? ರಿಪೋರ್ಟ್ ನೋಡಿ ಔಷಧಿ ಬದಲಾಯಿಸಿದರಾ, ಸುಮ್ನೆ ದುಡ್ಡು ಹೋಯಿತಾ? ಮಡಿಕೇರಿ ಅಥವಾ ಕುಶಾಲನಗರದಲ್ಲೇ ಸಿ3, ಸಿ4ಗೆ ರಕ್ತ ಕೊಡಬಹುದಾದರೆ ಅದನ್ನೂ ತಿಳಿಸಿ. ಮಳೆಗಾಲದಲ್ಲಿ ಘಟ್ಟ ಇಳಿಯೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಲ್ವಾ.

ಕಷಾಯದ ಸಲಹೆ ಬೇಡ, ದಯವಿಟ್ಟು. ಮನೆಯಲ್ಲಿ ಅತ್ತೆಯಂದಿರೇ ಸಾಕಷ್ಟು ಕೊಟ್ಟಿದ್ದಾರೆ.