ಸಹಾಯ ಬೇಕು: ಅಮ್ಮನ ಪೇಸ್‌ಮೇಕರ್ ಜಾಗ ಬಿಟ್ಟು ಸರಿದಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಚೆಗಷ್ಟೇ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿಡುವ ಪುಟ್ಟ ಯಂತ್ರ) ಹಾಕಿಸಿದ್ದೇವೆ. ಎಡಗಡೆ ಕಾಲರ್ ಬೋನ್ ಕೆಳಗೆ ಕೂರಿಸಿದ್ದು ಈಗ ಕಂಕುಳ ಕಡೆ ಜಾರಿದೆ. ಅಮ್ಮ ತುಂಬಾ ತೆಳ್ಳಗಿದ್ದಾರೆ, ಅದರ ಅಂಚು ಚರ್ಮದಡಿ ಎದ್ದು ಕಾಣುತ್ತದೆ. ಮಾತಾಡುತ್ತಾ ಕೂತಾಗ ಕೈ ಸುಮ್ನೆ ಅಲ್ಲಿಗೇ ಹೋಗುತ್ತದೆ. ಬೆರಳಲ್ಲಿ ಸವರಿ ಸವರಿ ತಿರುಗಿಸುತ್ತಾರೆ. ಬೇಡಮ್ಮಾ ಅಂದರೆ, "ತುರಿಸುತ್ತೆ ಕಣೋ" ಅಂತಾರೆ.

ನನಗೆ ಭಯ ಇರುವುದು ಅದರಿಂದ ಹೃದಯದೊಳಗೆ ಹೋಗುವ ವೈರಿನದು, ಅದಕ್ಕೆ ಲೀಡ್ ಅಂತಾರೆ. ಪೇಸ್‌ಮೇಕರ್ ತಿರುಗಿದ ಹಾಗೆಲ್ಲ ಲೀಡ್ ಅದಕ್ಕೆ ಸುತ್ತಿಕೊಂಡು, ಹೃದಯದೊಳಗಿನ ತುದಿ ಕಿತ್ತು ಬರಬಹುದು. ಆಗ ಅದು ಹೃದಯದ ಬದಲು ಪಕ್ಕದ ನರವನ್ನು ಕೆಣಕಿ ಬಿಕ್ಕಳಿಕೆ ಬರಿಸುವುದೂ ಉಂಟು. ಅಮ್ಮನಿಗೆ ತಲೆಸುತ್ತು ಇಲ್ಲ, ಆದರೆ ನಿನ್ನೆಯಿಂದ ಬಿಕ್ಕಳಿಕೆ ಜಾಸ್ತಿ. ಡಾಕ್ಟರಿಗೆ ಫೋನ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಎದೆಯ ಎಕ್ಸ್‌ರೇ, ಪೇಸ್‌ಮೇಕರ್ ಚೆಕಪ್ ಎರಡೂ ಇದೆ. ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ ರಾತ್ರಿಯೇ ಎಮರ್ಜೆನ್ಸಿಗೆ ಕರೆತನ್ನಿ ಅಂದಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಲೀಡ್ ಮಾತ್ರ ಸರಿ ಮಾಡಿದರಾ, ಇಲ್ಲ ಪೇಸ್‌ಮೇಕರನ್ನೂ ಒಳಗೆ ಹೊಲಿದು ಭದ್ರ ಮಾಡಿದರಾ? ಮತ್ತೆ ಆಪರೇಷನ್ ಅಂದರೆ ಅಮ್ಮ ಹೆದರುತ್ತಾರೆ. ನಿದ್ದೆಯಲ್ಲಿ ಕೈ ಅಲ್ಲಿಗೆ ಹೋಗದ ಹಾಗೆ ಏನು ಮಾಡಿದಿರಿ? ಇದನ್ನು ಕಂಡವರು ದಯವಿಟ್ಟು ಬರೆಯಿರಿ, ಇವತ್ತು ರಾತ್ರಿ ನಾನು ಎದ್ದೇ ಇರುತ್ತೇನೆ.