ಬಾಗಲಕೋಟೆಗೆ ಬರುವ ದಾರಿಯಲ್ಲಿ, ವಾಣಿಜ್ಯ ಸಂಕೀರ್ಣದ ಮುಂದೆ ಶಿಲ್ಪ: ಕೆಲಸವನ್ನು ಯಾರಿಗೆ, ಹೇಗೆ ಒಪ್ಪಿಸಬೇಕು?

ನವನಗರದ ವ್ಯಾಪಾರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗದ್ದನಕೇರಿ ಕ್ರಾಸಿನಿಂದ ನವನಗರಕ್ಕೆ ಬರುವ ರಸ್ತೆಯ ಬದಿಯಲ್ಲಿ ನಾವು ನಾಲ್ಕು ಮನೆತನದವರು ಕೂಡಿ ಒಂದು ವಾಣಿಜ್ಯ ಸಂಕೀರ್ಣ ಕಟ್ಟಿಸುತ್ತಿದ್ದೇವೆ. ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದವರಿಗೆ ಮೊದಲು ಕಣ್ಣಿಗೆ ಬೀಳುವ ದೊಡ್ಡ ಕಟ್ಟಡ ನಮ್ಮದೇ ಆಗಲಿದೆ. ಆ ಕಾರಣಕ್ಕೆ ಮುಂಭಾಗದ ಮೂಲೆಯಲ್ಲಿ 40 ಅಡಿ ಅಗಲ, 60 ಅಡಿ ಉದ್ದದ ಜಾಗವನ್ನು ಪಾರ್ಕಿಂಗಿಗೆ ಕೊಡದೆ, ಊರಿಗೆ ಬರುವವರನ್ನು ಎದುರುಗೊಳ್ಳುವ ಒಂದು ಶಿಲ್ಪಕ್ಕೆಂದು ಬಿಟ್ಟಿದ್ದೇವೆ. ಅದಕ್ಕಾಗಿ 25 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ.

ಏನು ನಿಲ್ಲಿಸಬೇಕು ಎಂಬಲ್ಲಿ ಪಾಲುದಾರರ ನಡುವೆ ಒಮ್ಮತವಿಲ್ಲ. ಒಬ್ಬರು ದೊಡ್ಡ ಕಮಾನು ಬೇಕೆನ್ನುತ್ತಾರೆ, ಇನ್ನೊಬ್ಬರಿಗೆ ಕುದುರೆಯ ಮೇಲೆ ಕುಳಿತ ಇಮ್ಮಡಿ ಪುಲಕೇಶಿ ಬೇಕು. ಅಲಂಕಾರದ ಗುತ್ತಿಗೆದಾರರೊಬ್ಬರು ಚಿತ್ರಗಳ ಪುಸ್ತಕ ತಂದು ತೋರಿಸಿ, ಯಾವ ಮೂರ್ತಿಯನ್ನು ಬೆರಳಿಟ್ಟು ತೋರಿಸಿದರೂ 45 ದಿನಗಳಲ್ಲಿ 18 ಅಡಿ ಎತ್ತರದ ಫೈಬರ್ ಪ್ರತಿಮೆ ನಿಲ್ಲಿಸಿಕೊಡುವುದಾಗಿ ಹೇಳಿ ಹೋಗಿದ್ದಾರೆ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳು ನಮ್ಮ ಜಿಲ್ಲೆಯಲ್ಲೇ ಇರುವಾಗ, ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿ ಪರದೇಶಗಳಿಗೆ ಹೋಗುತ್ತಿರುವಾಗ, ನಮ್ಮೂರಿನ ಬಾಗಿಲಲ್ಲಿ ಫೈಬರ್ ಗೊಂಬೆ ನಿಲ್ಲಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ನಾನು ಸಿಮೆಂಟು, ಸರಳಿನ ವ್ಯವಹಾರ ಬಲ್ಲವನೇ ಹೊರತು ಶಿಲ್ಪಿಯ ಹತ್ತಿರ ಕೆಲಸ ಮಾಡಿಸಿದವನಲ್ಲ. ಶಿಲ್ಪಿಯನ್ನು ಆರಿಸುವುದು ಹೇಗೆ, ಯಾವ ಕಲ್ಲು ಬಾಳುತ್ತದೆ, ಕರಾರಿನಲ್ಲಿ ಏನೇನು ಇರಬೇಕು, ಯಾರ ಅನುಮತಿ ಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಕಲ್ಲುಕೆಲಸದವ, ಬಾದಾಮಿ ತಾಲೂಕು (ಉತ್ತರ):

ಯಜಮಾನರೇ, ಪಾರ್ಕಿಂಗಿನ ಜಾಗ ಬಿಟ್ಟುಕೊಟ್ಟಿದ್ದೀರಿ ಎಂಬುದನ್ನು ಓದಿ ಸಂತೋಷವಾಯಿತು. ಮೂವತ್ತು ವರ್ಷಗಳಿಂದ ಉಳಿ ಹಿಡಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಕಮಾನೋ ಪುಲಕೇಶಿಯೋ ಎಂಬ ಚರ್ಚೆಯನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ಶಿಲ್ಪಿಯನ್ನು ಆರಿಸಿ, ರೂಪ ಆಮೇಲೆ ಬರಲಿ. ಕರ್ನಾಟಕ ಶಿಲ್ಪಕಲಾ ಅಕಾಡೆಮಿಯಲ್ಲಿ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ. ಅವುಗಳಲ್ಲಿ ಮೂವರನ್ನು ಗುರುತಿಸಿ, ಅವರು ಐದಾರು ವರ್ಷಗಳ ಹಿಂದೆ ಬಯಲಿನಲ್ಲಿ ನಿಲ್ಲಿಸಿದ ಕೆಲಸವನ್ನು ನೀವೇ ಹೋಗಿ ನೋಡಿ. ನೆನ್ನೆ ಮೊನ್ನೆ ಮುಗಿದ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಐದು ಬೇಸಿಗೆ ಕಂಡ ಮೇಲೆ ಬೆಸುಗೆ ಬಿಟ್ಟಿದೆಯೇ, ಪೀಠ ಕುಸಿದಿದೆಯೇ ಎಂಬುದು ಸುಳ್ಳು ಹೇಳುವುದಿಲ್ಲ. ಅನಂತರ ಮೂವರನ್ನೂ ನಿಮ್ಮ ಜಾಗಕ್ಕೆ ಕರೆದು, ಬೆಳಗಿನ ಮತ್ತು ಸಂಜೆಯ ಬಿಸಿಲಿನಲ್ಲಿ ನಿಲ್ಲಿಸಿ, ಒಂದೊಂದು ಚಿಕ್ಕ ಮಾದರಿ ಮಾಡಿಕೊಡಲು ಕೇಳಿ. ಆ ಮಾದರಿಗೆ ಮೂವರಿಗೂ ಸಂಭಾವನೆ ಕೊಡಲೇಬೇಕು, ಆಯ್ಕೆಯಾಗದ ಎರಡು ಮಾದರಿಗಳನ್ನು ಮಾಡಿದವರಿಗೇ ಹಿಂದಿರುಗಿಸಬೇಕು. ಬಿಟ್ಟಿಯಾಗಿ ಮಾದರಿ ಕೇಳಿದರೆ ಕೈಯಲ್ಲಿ ಕೆಲಸವಿರುವ ಒಳ್ಳೆಯ ಶಿಲ್ಪಿ ಬರುವುದಿಲ್ಲ, ಪುಸ್ತಕ ತೋರಿಸುವವರು ಮಾತ್ರ ಬರುತ್ತಾರೆ. 25 ಲಕ್ಷದಲ್ಲಿ ಒಂದೂವರೆ ಲಕ್ಷ ಇದಕ್ಕೆ ಹೋದರೂ ಅದು ಪೋಲಾದ ಹಣವಲ್ಲ.

ಎತ್ತರದ ಲೆಕ್ಕವೂ ಜಾಗದಲ್ಲೇ ಆಗಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ 100 ಮೀಟರ್ ದಾಟಲು 6 ಸೆಕೆಂಡು ಸಾಕು. ಆ ಆರು ಸೆಕೆಂಡಿನಲ್ಲಿ ಚಾಲಕನಿಗೆ ಕಾಣುವುದು ಹೊರಗಿನ ಆಕಾರ ಒಂದೇ. ಬಸ್ಸಿಗಾಗಿ ಅರ್ಧ ಗಂಟೆ ಕಾಯುವ ಹೆಣ್ಣುಮಗಳಿಗೆ ಮಾತ್ರ ಉಳಿಯ ಗುರುತೂ ಕಾಣುತ್ತದೆ, ಕಲ್ಲಿನ ಕಣವೂ ಕಾಣುತ್ತದೆ. ಇಬ್ಬರಿಗೂ ಸಲ್ಲುವಂತೆ ಕೆಲಸ ಆಗಬೇಕಾದರೆ, ಮಾದರಿ ಒಪ್ಪಿಗೆಯಾದ ಕೂಡಲೇ ಬಿದಿರು ಮತ್ತು ಗೋಣಿತಟ್ಟಿನಲ್ಲಿ ಅದೇ ಅಳತೆಯ ಆಕಾರ ಕಟ್ಟಿ ನಿಲ್ಲಿಸಿ, ರಸ್ತೆಯ ಎರಡೂ ಕಡೆಯಿಂದ ಗಾಡಿಯಲ್ಲಿ ಬಂದು ನೋಡಿ. 18 ಅಡಿ ಎಂದುಕೊಂಡದ್ದು 11 ಅಡಿಯೇ ಸಾಕು ಎಂದು ಅಲ್ಲಿ ತಿಳಿಯಬಹುದು.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ನಮಗೆಲ್ಲ ಪ್ರೀತಿ ಇದೆ. 578ರ ಶಾಸನವಿರುವ ಮೂರನೆಯ ಗುಹೆಯ ಕಂಬಗಳ ಮುಂದೆ ನಿಂತರೆ, ಉಳಿ ಆ ಕಲ್ಲಿನಲ್ಲಿ ಎಷ್ಟು ಹಗುರಾಗಿ ಓಡಿದೆ ಎಂದು ಕೈಗೆ ಅರಿವಾಗುತ್ತದೆ. ಆದರೆ ಅದು ಪದರ ಪದರವಾಗಿ ಕೂತ ಕಲ್ಲು. ಗಣಿಯಲ್ಲಿ ಮಲಗಿದ್ದ ಹಾಗೆಯೇ ಪದರಗಳನ್ನು ಅಡ್ಡಲಾಗಿಟ್ಟು ಕಟ್ಟಿದರೆ ಬಾಳುತ್ತದೆ, ಪದರವನ್ನು ನೆಟ್ಟಗೆ ನಿಲ್ಲಿಸಿ ಮುಖ ಕೆತ್ತಿದರೆ ನೀರು ಇಳಿದು ಹಪ್ಪಳದಂತೆ ಏಳುತ್ತದೆ. ಹೊಗೆ, ಧೂಳು, ಗಾಡಿ ತಾಗುವ ಭಯ ಇರುವ ರಸ್ತೆಯ ಅಂಚಿಗೆ ನಾನು ಇಳಕಲ್ಲಿನ ಗ್ರಾನೈಟನ್ನೇ ಹೇಳುತ್ತೇನೆ. ಅದರಲ್ಲಿ ಬಳ್ಳಿ, ಜಾಲಂಧ್ರದಂಥ (ತೂತು ತೂತಾಗಿ ಕೊರೆದ ಕಲ್ಲಿನ ಕಿಟಕಿ) ನಾಜೂಕಿನ ಕೆಲಸ ಬಯಸಬೇಡಿ. ಆ ಕಲ್ಲಿನ ಬಲ ಅದರ ದಪ್ಪದಲ್ಲಿ, ಒಂದು ಕಡೆ ಒರಟಾಗಿ ಬಿಟ್ಟು ಇನ್ನೊಂದು ಕಡೆ ಕನ್ನಡಿಯ ಹಾಗೆ ಹೊಳಪಿಸಿದಾಗ ಬರುವ ಎರಡು ಬಣ್ಣಗಳಲ್ಲಿ ಇದೆ. ಪರವಾನಗಿ ಇರುವ ಗಣಿಯಿಂದಲೇ ತಂದು, ಅದರ ಕಾಗದಗಳನ್ನು ಕರಾರಿನ ಜೊತೆ ಇಟ್ಟುಕೊಳ್ಳಿ.

ದಿಮ್ಮಿ ಆರಿಸುವ ದಿನ ನೀವೂ ಗಣಿಗೆ ಹೋಗಬೇಕು. ಸುತ್ತಿಗೆಯಿಂದ ಒಂದು ತುದಿಗೆ ತಟ್ಟಿ, ಇನ್ನೊಂದು ತುದಿಗೆ ಕಿವಿಗೊಡಿ. ಗಂಟೆಯ ಹಾಗೆ ನಾದ ಬಂದರೆ ಕಲ್ಲು ಗಟ್ಟಿ, ಮಡಕೆ ಒಡೆದಂತೆ ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ಆಮೇಲೆ ಕಲ್ಲಿಗೆ ನೀರು ಸುರಿದು ಬಿಸಿಲಿಗೆ ಬಿಡಿ. ಮೈಯೆಲ್ಲ ಆರಿದ ಮೇಲೂ ಕೂದಲೆಳೆಯಷ್ಟು ಒದ್ದೆ ಗೆರೆ ಉಳಿದುಕೊಂಡರೆ ಅಲ್ಲೇ ಬಿರುಕು ಇದೆ ಎಂದು ತಿಳಿಯಿರಿ.

ಕೊನೆಗೆ ನನ್ನದೇ ಒಂದು ನೋವು. ಬೇರೆ ಊರಿನ ಒಂದು ಸಂಕೀರ್ಣಕ್ಕೆ ಎಂಟು ತಿಂಗಳು ಕೂತು ಕಪ್ಪು ಕಲ್ಲಿನಲ್ಲಿ ಒಂದು ಜೋಡಿ ಎತ್ತು ಕೆತ್ತಿಕೊಟ್ಟಿದ್ದೆ. ಉದ್ಘಾಟನೆಯ ಹಿಂದಿನ ರಾತ್ರಿ ಅದರ ಮಾಲೀಕರು, ನನಗೆ ಒಂದು ಮಾತೂ ಹೇಳದೆ, ಎತ್ತುಗಳಿಗೆ ಬಂಗಾರದ ಬಣ್ಣ ಬಳಿಸಿದರು. ಕಣ್ಣಿನ ಸುತ್ತ ನೂರು ನಂಬರಿನ ಮರಳು ಕಾಗದದಿಂದ ತಿದ್ದಿದ್ದ ಗೆರೆಗಳೆಲ್ಲ ಬಣ್ಣದ ಕೆಳಗೆ ಮುಚ್ಚಿಹೋದವು. ಹಣ ಪೂರ್ತಿ ಬಂದಿತ್ತು, ಆದರೆ ಆ ರಸ್ತೆಯಲ್ಲಿ ಇಂದಿಗೂ ನಾನು ಹೋಗುವುದಿಲ್ಲ. ನಿಮ್ಮ ಕರಾರಿನಲ್ಲಿ, ಶಿಲ್ಪಿಯ ಒಪ್ಪಿಗೆ ಇಲ್ಲದೆ ಬಣ್ಣ ಹಚ್ಚಬಾರದು, ಜಾಗ ಬದಲಿಸಬಾರದು ಎಂಬ ಮಾತು ಇರಲಿ.

ಸಿವಿಲ್ ವಕೀಲರು, ಬೆಳಗಾವಿ (ಉತ್ತರ):

ಮೇಲಿನ ಹಿರಿಯರು ಹೇಳಿದ ಕೊನೆಯ ಮಾತಿಗೆ ಕಾನೂನಿನ ಬೆಂಬಲವೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಕೃತಿಯನ್ನು ಮಾರಿದ ಮೇಲೂ, ಹಕ್ಕುಸ್ವಾಮ್ಯವನ್ನೇ ಬರೆದುಕೊಟ್ಟ ಮೇಲೂ, ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು ಮತ್ತು ತನ್ನ ಹೆಸರಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಶಿಲ್ಪಿಯ ಬಳಿಯೇ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ ಪ್ರಕರಣದಲ್ಲಿ, ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಮಾಡಿಸಿದ್ದು ಸರ್ಕಾರವೇ ಆಗಿದ್ದರೂ ಈ ಹಕ್ಕು ನಿಂತಿತು ಎಂಬುದು ಗಮನಿಸಬೇಕಾದ ಅಂಶ.

ಬಹಳ ಜನ ಎಡವುವ ಇನ್ನೊಂದು ಕಡೆ ಇದೆ. ದುಡ್ಡು ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ ಮುಂತಾದವುಗಳ ಹಕ್ಕುಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರಿಗೆ ಸೇರುತ್ತದೆ ಎಂದು 17ನೇ ಕಲಮು ಹೇಳುತ್ತದೆ. ಆ ಪಟ್ಟಿಯಲ್ಲಿ ಶಿಲ್ಪ ಇಲ್ಲ. ಕಲ್ಲು ನಿಮ್ಮದಾದರೂ ಹಕ್ಕುಸ್ವಾಮ್ಯ ಶಿಲ್ಪಿಯದೇ. ಆ ಆಕೃತಿಯನ್ನು ನಿಮ್ಮ ಸಂಕೀರ್ಣದ ಲಾಂಛನವಾಗಿ ಕೈಚೀಲ, ಫಲಕಗಳ ಮೇಲೆ ಅಚ್ಚು ಹಾಕಿಸುವ ವಿಚಾರವಿದ್ದರೆ ಅದನ್ನು ಲಿಖಿತವಾಗಿ ಪಡೆಯಬೇಕು. ಬರೆಸಿಕೊಳ್ಳುವಾಗ ಅವಧಿಯನ್ನೂ ಪ್ರದೇಶವನ್ನೂ ನಮೂದಿಸಿ, ಇಲ್ಲದಿದ್ದರೆ 19ನೇ ಕಲಮಿನಂತೆ ಅದು 5 ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದಾಗುತ್ತದೆ. ಸಾರ್ವಜನಿಕರಿಗೆ ತೆರೆದ ಜಾಗದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೋ ಯಾರು ತೆಗೆದರೂ ಅಡ್ಡಿಯಿಲ್ಲ.

ಅನುಮತಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಹೀಗಾಗಿ ರಸ್ತೆಗೆ ಅಡ್ಡಲಾಗಿ ಕಮಾನು ಎಂಬ ಯೋಚನೆಯನ್ನು ಕೈಬಿಡುವುದೇ ಲೇಸು. ಶಿಲ್ಪವೂ ಅದರ ಪೀಠವೂ ಪೂರ್ತಿಯಾಗಿ ನಿಮ್ಮ ಹದ್ದಿನೊಳಗೆ ಇರಲಿ, ರಸ್ತೆಯ ಅಂಚನ್ನು ಅಳೆಸಿ ಗುರುತು ಮಾಡಿಸಿ, ಮಂಜೂರಾತಿಯ ನಕ್ಷೆಯಲ್ಲೇ ಅದನ್ನು ತೋರಿಸಿ.

ಹಣವನ್ನು ಹಂತ ಹಂತವಾಗಿ, ಅಂದರೆ ಮಾದರಿ ಒಪ್ಪಿದಾಗ, ಕಲ್ಲು ಕಾರ್ಯಾಗಾರ ಮುಟ್ಟಿದಾಗ, ಒರಟು ಕೆತ್ತನೆ ಮುಗಿದಾಗ, ನಿಲ್ಲಿಸಿದಾಗ ಎಂದು ಕೊಡುವುದು ಇಬ್ಬರಿಗೂ ಕ್ಷೇಮ. ಶಿಲ್ಪಿಯ ಹೆಸರನ್ನು ಪೀಠದ ಮೇಲೆ ಕೆತ್ತಿಸುವುದನ್ನು ಮಾತ್ರ ಮರೆಯಬೇಡಿ. ನಿಮ್ಮದೇ ಜಿಲ್ಲೆಯ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನ, ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ಮರ್ಯಾದೆಯನ್ನೂ ಹೇಳುತ್ತದೆ. ಕಟ್ಟಿಸಿದವಳ ಹೆಸರಿನ ಜೊತೆ ಕಟ್ಟಿದವನ ಹೆಸರೂ ಇಂದಿಗೆ ನಮಗೆ ಸಿಕ್ಕಿರುವುದು ಹಾಗೆ ಬರೆಸಿದ್ದರಿಂದಲೇ.

ಹಳೆ ಬಾಗಲಕೋಟೆಯ ಶಿಕ್ಷಕಿ (ಉತ್ತರ):

ಕಲ್ಲು, ಕಾನೂನು ಎರಡೂ ಆಯಿತು. ಆ ಕಲ್ಲು ಏನು ಹೇಳಬೇಕು ಎಂಬ ಬಗ್ಗೆ ನನ್ನದೊಂದು ಕೋರಿಕೆ ಇದೆ.

ಪುಲಕೇಶಿಯ ಮೇಲೆ ನನಗೂ ಅಭಿಮಾನವಿದೆ. ಆದರೆ ನೀವು ನಿಲ್ಲಿಸುತ್ತಿರುವುದು ನವನಗರದ ಬಾಗಿಲಲ್ಲಿ. ಈ ಊರು ಹುಟ್ಟಿದ್ದು ಆಲಮಟ್ಟಿಯ ಹಿನ್ನೀರು ನಮ್ಮ ಹಳೆಯ ಊರಿನ ಓಣಿಗಳನ್ನು ತೆಗೆದುಕೊಂಡಿದ್ದರಿಂದ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹಾಕಿಕೊಟ್ಟ ನಕ್ಷೆಯಂತೆ ಸೆಕ್ಟರುಗಳಾಗಿ ಎದ್ದ ಈ ಊರಿಗೆ ನಾವು ಬಂದಾಗ, ನನ್ನ ಅತ್ತೆಯವರು ಮನೆಯ ಬಾಗಿಲ ಚೌಕಟ್ಟನ್ನೂ ಹೊಸ್ತಿಲ ಕಲ್ಲನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದರು. ಆ ಹೊಸ್ತಿಲು ನಡುವೆ ಸವೆದು, ಅಂಗೈಯಲ್ಲಿ ನೀರು ನಿಲ್ಲುವಷ್ಟು ತಗ್ಗಾಗಿತ್ತು. ಹೊಸ ಮನೆಯ ಬಾಗಿಲಿಗೆ ಅದರ ಅಳತೆ ಕೂಡಲಿಲ್ಲ, ಹಿತ್ತಿಲಲ್ಲಿ ತುಳಸಿಯ ಮುಂದೆ ಇಟ್ಟುಕೊಂಡಿದ್ದೇವೆ. ಮಳೆ ಬಂದ ದಿನ ಆ ತಗ್ಗಿನಲ್ಲಿ ನೀರು ನಿಂತಾಗ, ಎಷ್ಟು ಜನರ ಕಾಲು ಅದನ್ನು ಸವೆಸಿರಬೇಕು ಎಂದು ನೋಡುತ್ತ ನಿಲ್ಲುತ್ತೇನೆ.

ನಿಮ್ಮ ಶಿಲ್ಪಿಗೆ ಈ ಸಂಗತಿ ತಿಳಿಸಿ. ಹೋಳಿಯಲ್ಲಿ ಹಲಗೆಯ ಸದ್ದಿನ ಜೊತೆ ಬಣ್ಣದ ಬಂಡಿಗಳು ಸಾಗುತ್ತಿದ್ದ ಆ ಓಣಿಗಳ ನಕ್ಷೆಯನ್ನು ಒಂದು ಅಡ್ಡ ಕಲ್ಲಿನ ಮೇಲೆ ತಗ್ಗು ಗೆರೆಗಳಾಗಿ ಕೆತ್ತಿದರೆ, ಮಳೆ ಬಂದಾಗ ಓಣಿಗಳಲ್ಲಿ ನೀರು ತುಂಬಿದರೆ, ಅದನ್ನು ನಮ್ಮ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಯೇ ಇಲ್ಲ. ಸುತ್ತ ಕೂರಲು ಕಟ್ಟೆ, ಒಂದೆರಡು ಬೇವಿನ ಗಿಡ ಇರಲಿ. ಇದು ನನ್ನ ಆಸೆ ಅಷ್ಟೇ, ರೂಪ ಕೊಡುವ ಸ್ವಾತಂತ್ರ್ಯ ಶಿಲ್ಪಿಯದು.

ನವನಗರದ ವ್ಯಾಪಾರಿ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪಾಲುದಾರರೆಲ್ಲ ಕೂತಾಗ ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆ. ಅಕ್ಕಾವರ ಹೊಸ್ತಿಲಿನ ಮಾತು ಬಂದಾಗ, ಕುದುರೆಯ ಪ್ರತಿಮೆಗೆ ಪಟ್ಟು ಹಿಡಿದಿದ್ದ ನಮ್ಮ ಹಿರಿಯ ಪಾಲುದಾರರು ತಮ್ಮ ಮನೆಯ ಹೊಸ್ತಿಲು ನೀರಿನಲ್ಲೇ ಉಳಿಯಿತು ಎಂದು ಹೇಳಿ ಬಹಳ ಹೊತ್ತು ಸುಮ್ಮನಾದರು. ಕಮಾನನ್ನೂ ಫೈಬರನ್ನೂ ಕೈಬಿಟ್ಟಿದ್ದೇವೆ. ಮೂವರು ಶಿಲ್ಪಿಗಳಿಗೆ ಸಂಭಾವನೆ ಕೊಟ್ಟು ಮಾದರಿ ಕೇಳಲು ಒಪ್ಪಿಗೆಯಾಗಿದೆ. ಒಂದು ಅನುಮಾನ ಉಳಿದಿದೆ: ನಮ್ಮ ಜಾಗ ಎರೆಮಣ್ಣಿನದು. 10 ಅಡಿ ಉದ್ದ, 4 ಅಡಿ ಅಗಲ, 4 ಅಡಿ ದಪ್ಪದ ಗ್ರಾನೈಟ್ ದಿಮ್ಮಿಯನ್ನು ಅದು ತಡೆಯುತ್ತದೆಯೇ? ಅಡ್ಡ ಕಲ್ಲಿನಲ್ಲಿ ನೀರು ನಿಂತರೆ ಪಾಚಿ ಕಟ್ಟುವುದಿಲ್ಲವೇ?

ಕಲ್ಲುಕೆಲಸದವ, ಬಾದಾಮಿ ತಾಲೂಕು:

ನೀವು ಹೇಳಿದ ಅಳತೆಯ ದಿಮ್ಮಿ 12 ಟನ್ನಿನ ಹತ್ತಿರ ತೂಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬುವ ಮಣ್ಣು. ಅದರ ಮೇಲೆ ನೇರವಾಗಿ ಪೀಠ ಕಟ್ಟಿದರೆ ಎರಡು ಮಳೆಗಾಲದಲ್ಲಿ ವಾಲುತ್ತದೆ. ಕೆಳಗೆ ಗಟ್ಟಿ ಗರಸು ಸಿಗುವವರೆಗೆ ಅಗೆಸಿ, ಎರೆಮಣ್ಣನ್ನು ಪೂರ್ತಿ ತೆಗೆಸಿ, ನಿಮ್ಮ ಕಟ್ಟಡದ ಇಂಜಿನಿಯರರಿಂದಲೇ ತಳಪಾಯದ ಲೆಕ್ಕ ಹಾಕಿಸಿ. ದಿಮ್ಮಿ ಇಳಿಸುವ ಕ್ರೇನು ನಿಲ್ಲಲು ಜಾಗ ಬೇಕಾಗುವುದರಿಂದ, ಸುತ್ತಲಿನ ಫರಸಿ ಮತ್ತು ಕಟ್ಟೆಯ ಕೆಲಸವನ್ನು ಅದಾದ ಮೇಲೆ ಮಾಡಿಸಿ.

ನೀರಿನ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಓಣಿಯ ಗೆರೆಗಳನ್ನು ಕೆತ್ತುವುದಾದರೆ ಎಲ್ಲವೂ ಒಂದು ಕಡೆಗೆ ಕೂದಲಿನಷ್ಟು ಇಳಿಜಾರಾಗಿರಬೇಕು. ಮಳೆ ನಿಂತ ಮೇಲೆ ನೀರು ನಿಧಾನವಾಗಿ ಹರಿದು ಹೋಗಿ, ಕಲ್ಲು ಅಂದೇ ಒಣಗಬೇಕು. ಕಾರಂಜಿ ಮಾತ್ರ ಬೇಡ. ಬೋರಿನ ಗಡಸು ನೀರು ಹೊಳಪಿಸಿದ ಕೆಂಪು ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟಿಸಿದರೆ ತಿಕ್ಕಿ ತೆಗೆಯುವುದು ಕಷ್ಟ.

ಮಾದರಿಗಳು ಬಂದ ಮೇಲೆ ತಿಳಿಸಿ. ನೀವು ಯಾರಿಗೆ ಕೆಲಸ ಕೊಟ್ಟರೂ, ದಿಮ್ಮಿ ಆರಿಸಲು ಗಣಿಗೆ ಹೋಗುವ ದಿನ ನಾನೂ ಜೊತೆಗೆ ಬರುತ್ತೇನೆ, ಅದಕ್ಕೆ ನನಗೇನೂ ಕೊಡಬೇಕಾಗಿಲ್ಲ. ಗಾಡಿಯಲ್ಲಿ ಎರಡು ಕೊಡ ನೀರು ಇಟ್ಟುಕೊಳ್ಳಿ.