ಸಾಫ್ಟ್‌ವೇರ್ ಗುಣಮಟ್ಟವನ್ನು ಅಳೆಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಮ್ಮದು ಸಣ್ಣ ಟೀಮ್, ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಪ್ರತಿ ರಿಲೀಸ್ ಆದ ಮೇಲೂ ಗ್ರಾಹಕರಿಂದ ದೂರು ಬರುತ್ತದೆ. ಇನ್ನು ಮುಂದೆ ಗುಣಮಟ್ಟವನ್ನು ಅಂಕಿಯಲ್ಲಿ ತೋರಿಸಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಟೆಸ್ಟ್ ಕವರೇಜ್ (ಟೆಸ್ಟ್ ಓಡಿಸಿದಾಗ ಕೋಡ್‌ನ ಎಷ್ಟು ಪಾಲು ಓಡುತ್ತದೆ ಅನ್ನುವ ಲೆಕ್ಕ) ಶೇ. 80 ಇರಬೇಕು, ಜೊತೆಗೆ ಯಾವ ಡೆವಲಪರ್ ಎಷ್ಟು ಬಗ್ ಮಾಡಿದರು ಅನ್ನುವ ಪಟ್ಟಿ ಬೇಕು. ಇದರಿಂದ ಉಪಯೋಗ ಆಗುತ್ತದಾ?

ಟೆಸ್ಟಿಂಗ್‌ನಲ್ಲಿರುವವರು: ಆ ಪಟ್ಟಿಯನ್ನು ಶುರು ಮಾಡಲೇಬೇಡಿ. ನಾನು ಮೊದಲಿದ್ದ ಕಡೆ ಅದನ್ನು ಮಾಡಿದ್ದರು. ಕೆಲವೇ ದಿನಗಳಲ್ಲಿ ಜಗಳ ಶುರುವಾಯಿತು. ಇದು ಬಗ್ ಅಲ್ಲ, ಹೊಸ ಬೇಡಿಕೆ ಅಂತ ಡೆವಲಪರ್‌ಗಳು ವಾದ ಮಾಡುತ್ತಿದ್ದರು. ಸ್ನೇಹ ಉಳಿಸಿಕೊಳ್ಳಲು ಟೆಸ್ಟರ್‌ಗಳು ಬಗ್ ದಾಖಲಿಸದೆ ಬಾಯಲ್ಲೇ ಹೇಳಿ ಸರಿಮಾಡಿಸುತ್ತಿದ್ದರು. ಲೆಕ್ಕದಲ್ಲಿ ಬಗ್ ಕಡಿಮೆಯಾಯಿತು, ಗ್ರಾಹಕರ ದೂರು ಹಾಗೇ ಇತ್ತು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣಕಾಸು ನೀತಿಯ ಬಗ್ಗೆ ಇದೇ ಮಾತು ಹೇಳಿದ್ದರು. ಒಂದು ಅಂಕಿಯನ್ನು ಹಿಡಿತಕ್ಕೆ ಬಳಸಲು ಹೊರಟರೆ ಅದು ಮೊದಲಿನಂತೆ ನಿಜ ಹೇಳುವುದಿಲ್ಲ.

ಬದಲಿಗೆ, ನಿಮ್ಮ ಕೈ ತಪ್ಪಿ ಗ್ರಾಹಕರವರೆಗೆ ಹೋದ ಬಗ್‌ಗಳನ್ನು ಎಣಿಸಿ. ಎಣಿಸಿದರೆ ಸಾಲದು, ಒಂದೊಂದಕ್ಕೂ "ಇದು ಎಲ್ಲಿ ಸಿಗಬೇಕಿತ್ತು?" ಅಂತ ಕೇಳಿ. ಬೇಡಿಕೆ ಬರೆಯುವಾಗಲಾ, ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವ ಕೋಡ್ ರಿವ್ಯೂನಲ್ಲಾ, ಟೆಸ್ಟ್‌ನಲ್ಲಾ? ಬಿಲ್ಲಿಂಗ್ ಅಂದಿರಲ್ಲ, ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ಒಂದೊಂದು ಸಾಲಿನ ತೆರಿಗೆ 10.004 ಅಂದುಕೊಳ್ಳಿ. ಸಾಲು ಸಾಲಿಗೂ ರೌಂಡ್ ಮಾಡಿದರೆ ಮೂರು ಸಾಲಿಗೆ 30.00 ಬರುತ್ತದೆ. ಎಲ್ಲ ಕೂಡಿಸಿ ಕೊನೆಗೆ ರೌಂಡ್ ಮಾಡಿದರೆ 30.01. ಬಿಲ್ ಮಾಡುವ ಕೋಡ್ ಒಂದು ರೀತಿ, ವರದಿ ತೆಗೆಯುವ ಕೋಡ್ ಇನ್ನೊಂದು ರೀತಿ ಲೆಕ್ಕ ಹಾಕಿದರೆ ಗ್ರಾಹಕರಿಗೆ ಎರಡೂ ತಾಳೆಯಾಗುವುದಿಲ್ಲ. ಇದರಿಂದ ಹತ್ತಾರು ದೂರು ಬರಬಹುದು, ಆದರೆ ಕಾರಣ ಒಂದೇ: ಯಾವಾಗ ರೌಂಡ್ ಮಾಡಬೇಕು ಅಂತ ಯಾರೂ ಬರೆದಿಟ್ಟಿರಲಿಲ್ಲ. ಡೆವಲಪರ್ ಹೆಸರಿನ ಮುಂದೆ ಬಗ್ ಬರೆದರೆ ಈ ಕಾರಣ ಎಂದೂ ಹೊರಗೆ ಬರುವುದಿಲ್ಲ.

ಬ್ಯಾಕೆಂಡ್ ಡೆವಲಪರ್: ಮೇಲಿನ ಮಾತಿಗೆ ಪೂರ್ತಿ ಒಪ್ಪಿಗೆ. ದುಡ್ಡಿನ ಲೆಕ್ಕಕ್ಕೆ ಫ್ಲೋಟ್ (ದಶಮಾಂಶಗಳನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಬಳಸುತ್ತಿದ್ದೀರಾ ಅಂತಲೂ ನೋಡಿಕೊಳ್ಳಿ, ದಶಮಾಂಶಗಳನ್ನು ಇದ್ದ ಹಾಗೇ ಇಡುವ ಡೆಸಿಮಲ್ ಇರಬೇಕು.

ಕವರೇಜ್ ವಿಷಯಕ್ಕೆ ಬರುತ್ತೇನೆ. ಟೆಸ್ಟ್ ಓಡುವಾಗ ಈ ಸಾಲು ಓಡಿತು ಅಂತ ಮಾತ್ರ ಕವರೇಜ್ ಹೇಳುತ್ತದೆ. ಉತ್ತರ ಸರಿ ಬಂತಾ ಅಂತ ನೋಡಿದಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಒಂದೂ ಅಸರ್ಟ್ (ಉತ್ತರ ಇಷ್ಟೇ ಬರಬೇಕು ಅಂತ ಪರೀಕ್ಷಿಸುವ ಸಾಲು) ಇಲ್ಲದ ಟೆಸ್ಟ್ ಬರೆದು ಶೇ. 80 ಮುಟ್ಟಬಹುದು. ಗುರಿ ಕೊಟ್ಟರೆ ಜನ ಮುಟ್ಟುತ್ತಾರೆ, ಅದೂ ಸುಲಭವಾದ ಕೋಡ್‌ಗೆ ಟೆಸ್ಟ್ ಬರೆದು.

ನಮಗೆ ನಿಜವಾಗಿ ಸಹಾಯ ಆಗಿದ್ದು ಮ್ಯುಟೇಶನ್ ಟೆಸ್ಟಿಂಗ್. ಟೂಲ್ ನಿಮ್ಮ ಕೋಡ್‌ನಲ್ಲಿ ಬೇಕಂತಲೇ ಸಣ್ಣ ತಪ್ಪು ಹಾಕುತ್ತದೆ. ಉದಾಹರಣೆಗೆ "1000ಕ್ಕಿಂತ ಜಾಸ್ತಿ" ಅಂತ ಇದ್ದಲ್ಲಿ "1000 ಅಥವಾ ಜಾಸ್ತಿ" ಅಂತ ಬದಲಿಸುತ್ತದೆ. ಆಗ ಒಂದಾದರೂ ಟೆಸ್ಟ್ ಫೇಲ್ ಆಗಬೇಕು. ಆಗದಿದ್ದರೆ ಆ ಜಾಗವನ್ನು ಯಾವ ಟೆಸ್ಟೂ ಕಾಯುತ್ತಿಲ್ಲ. ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಇವೆ. ಓಡಲು ತುಂಬಾ ಹೊತ್ತು ಹಿಡಿಯುತ್ತದೆ, ಹಾಗಾಗಿ ತೆರಿಗೆ, ರಿಯಾಯಿತಿಯಂಥ ಭಾಗಗಳಿಗೆ ಮಾತ್ರ ಹಾಕಿ.

ಹಳೆಯ ಕೋಡ್ ಚೆನ್ನಾಗಿ ಓಡುತ್ತಿದೆ, ಅದಕ್ಕೆ ಟೆಸ್ಟ್ ಬೇಡ ಅನ್ನುವವರಿಗೆ ಯುರೋಪಿನ ಏರಿಯಾನ್ 5 ರಾಕೆಟ್ ನೆನಪಿಸಿ. 1996ರ ಜೂನ್ 4ರಂದು ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡಿನಲ್ಲಿ ನಾಶವಾಯಿತು. ಕಾರಣವಾದದ್ದು ಹಿಂದಿನ ರಾಕೆಟ್ ಏರಿಯಾನ್ 4ರಲ್ಲಿ ಸರಿಯಾಗಿದ್ದ ಕೋಡ್. ಹೊಸ ರಾಕೆಟ್‌ನ ವೇಗ ಬೇರೆ ಇತ್ತು, 64 ಬಿಟ್‌ನ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ. ಹೊಸ ರಾಕೆಟ್‌ನ ಹಾರುವ ದಾರಿಯ ಡೇಟಾ ಇಟ್ಟುಕೊಂಡು ಆ ಭಾಗವನ್ನು ಯಾರೂ ಟೆಸ್ಟ್ ಮಾಡಿರಲಿಲ್ಲ.

ರಿಲೀಸ್ ನೋಡಿಕೊಳ್ಳುವವರು: ಎಲ್ಲರೂ ಕೋಡ್ ಬಗ್ಗೆಯೇ ಹೇಳುತ್ತಿದ್ದೀರಿ. ಕೋಡ್ ಸರಿಯಿದ್ದು, ಅದನ್ನು ಸರ್ವರ್‌ಗೆ ಹಾಕುವಾಗ ಎಡವಿದರೆ? 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯಾಪಾರ ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಆಗಿದ್ದು ಅದೇ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಅಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಷೇರು ಆರ್ಡರ್ ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಎಲ್ಲ ಸರ್ವರ್‌ನಲ್ಲೂ ಒಂದೇ ವರ್ಷನ್ ಇದೆಯಾ ಅಂತ ನೋಡುವ ಸ್ಕ್ರಿಪ್ಟ್ ಬರೆಯಲು ಅರ್ಧ ದಿನ ಸಾಕು, ಮೊದಲು ಅದನ್ನು ಬರೆಯಿರಿ.

ಅಳೆಯಲು ನಾವು ಬಳಸುವುದು ಡೋರಾ ಅನ್ನುವ ಸಂಶೋಧನಾ ತಂಡದ ನಾಲ್ಕು ಅಳತೆ: ಎಷ್ಟು ಸಲ ರಿಲೀಸ್ ಮಾಡುತ್ತೀರಿ, ಕೋಡ್ ಬರೆದು ಗ್ರಾಹಕರಿಗೆ ಮುಟ್ಟಲು ಎಷ್ಟು ಹೊತ್ತು, ಎಷ್ಟು ರಿಲೀಸ್ ಕೆಟ್ಟವು, ಕೆಟ್ಟದ್ದನ್ನು ಸರಿಮಾಡಲು ಎಷ್ಟು ಹೊತ್ತು. ದೊಡ್ಡ ಗಂಟು ಕಟ್ಟಿ ಅಪರೂಪಕ್ಕೊಮ್ಮೆ ಬಿಡುವುದಕ್ಕಿಂತ ಸಣ್ಣ ಸಣ್ಣದಾಗಿ ಬಿಡಿ. ಕೆಟ್ಟರೆ ಯಾವ ಬದಲಾವಣೆಯಿಂದ ಅಂತ ಬೇಗ ಗೊತ್ತಾಗುತ್ತದೆ.

ಇನ್ನೊಬ್ಬರು: ಒಂದೇ ಮಾತು. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳನ್ನು ಕಂಡ ದಿನವೇ ಬೇರೆ ಇಡಿ, ಆಮೇಲೆ ಸರಿಮಾಡಿ. ಇಲ್ಲದಿದ್ದರೆ ಹಸಿರು (ಪಾಸ್ ಅನ್ನುವ ಗುರುತು) ಬರುವವರೆಗೆ ಸುಮ್ನೆ ಮತ್ತೆ ಮತ್ತೆ ಓಡಿಸುವ ಅಭ್ಯಾಸ ಬೀಳುತ್ತದೆ. ನಿಜವಾದ ಬಗ್ ಬಂದಾಗಲೂ ಯಾರೂ ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಆದರೆ ಮ್ಯಾನೇಜರ್‌ಗೆ ಬರಿಗೈಯಲ್ಲಿ ಹೋಗಿ ಬೇಡ ಅನ್ನಲು ಆಗುವುದಿಲ್ಲ ಅಲ್ವಾ? ಏನು ತೋರಿಸಲಿ?

ಟೆಸ್ಟಿಂಗ್‌ನಲ್ಲಿರುವವರು: ಎರಡೇ ಅಂಕಿ ಸಾಕು. ಈ ರಿಲೀಸ್‌ನಲ್ಲಿ ಗ್ರಾಹಕರಿಗೆ ಸಿಕ್ಕ ಗಂಭೀರ ಬಗ್ ಎಷ್ಟು, ದೂರು ಬಂದ ಮೇಲೆ ಸರಿಯಾದದ್ದು ಅವರ ಕೈ ಸೇರಲು ಎಷ್ಟು ಹೊತ್ತು. ಎರಡೂ ಇಡೀ ಟೀಮಿನ ಅಂಕಿ, ಯಾರ ಹೆಸರೂ ಬೇಡ. ಕೆಳಗೆ ಒಂದು ಸಾಲು ಬರೆಯಿರಿ: ಇದನ್ನು ನೋಡಿ ನಾವು ಏನು ಬದಲಿಸಿದೆವು ಅಂತ. ಮ್ಯಾನೇಜರ್ ಆ ಸಾಲಿನ ಬಗ್ಗೆ ಜಾಸ್ತಿ ಪ್ರಶ್ನೆ ಕೇಳುವ ಹಾಗೆ ಮಾಡಿ. ಹೋಗುವ ಮೊದಲು ಕಳೆದ ರಿಲೀಸ್‌ನ ದೂರುಗಳನ್ನೆಲ್ಲ ತೆಗೆದು ಕಾರಣದ ಪ್ರಕಾರ ಗುಂಪು ಮಾಡಿ. ಯಾವ ಗುಂಪು ದೊಡ್ಡದಿದೆ ಅಂತ ಇಲ್ಲಿ ಹಾಕಿ, ಅದಕ್ಕೆ ಏನು ಮಾಡಬಹುದು ಅಂತ ಒಟ್ಟಿಗೆ ನೋಡೋಣ.